ಟೆರ್ಬಿನಫೈನ್ ಮುಲಾಮು: ಚೀಟಿಯಲ್ಲಿ ಒಂದು ವಾರ, ಡಾಕ್ಟರು ಹೇಳಿದ್ದು ನಾಲ್ಕು ವಾರ. ಯಾವುದು ಸರಿ?

ಬರಿಗಾಲು

ತೊಡೆಸಂದಿಯಲ್ಲಿ ಹುಳುಕಡ್ಡಿ ಎದ್ದಿದೆ. ಉಂಗುರದಂತೆ ಹರಡಿದೆ, ಅಂಚು ಕೆಂಪಗೆ ಉಬ್ಬಿ ಸಣ್ಣಗೆ ಸಿಪ್ಪೆ ಏಳ್ತಿದೆ, ನಡುಭಾಗ ಹೆಚ್ಚುಕಮ್ಮಿ ಮಾಮೂಲಿ ಚರ್ಮ. ಡಾಕ್ಟರು ಶೇ. 1ರ ಟೆರ್ಬಿನಫೈನ್ ಕ್ರೀಮ್ ಬರೆದುಕೊಟ್ಟು, "ತುರಿಕೆ ನಿಂತ್ರೂ ಬಿಡಬೇಡಿ, ನಾಲ್ಕು ವಾರ ಹಚ್ಚಿ" ಅಂದರು. ಡಬ್ಬಿಯೊಳಗಿನ ಚೀಟಿ ಬಿಡಿಸಿ ಓದಿದರೆ ಅದರಲ್ಲಿ ದಿನಕ್ಕೊಮ್ಮೆ, ಒಂದು ವಾರ ಅಂತಿದೆ. ನಾಲ್ಕು ಪಟ್ಟು ವ್ಯತ್ಯಾಸ ಸಣ್ಣದೇನಲ್ಲ.

ಇನ್ನೂ ಎರಡು ಅನುಮಾನ. ಇದೇ ಔಷಧಿ ಮಾತ್ರೆಯಾದರೆ ಲಿವರ್ ಪರೀಕ್ಷೆ ಮಾಡಿಸ್ತಾರಂತೆ, ಮುಲಾಮಿಗೆ ಆ ಭಯ ಇಲ್ವಾ? ಮತ್ತೆ, ಎಲ್ಲರ ಮನೆಯಲ್ಲೂ ಬಿದ್ದಿರೋ ಕ್ಲೋಟ್ರಿಮಜೋಲ್ ಬಿಟ್ಟು ಇದನ್ನೇ ಯಾಕೆ ಕೊಟ್ಟರು?

ಗುಳಿಗೆಪೆಟ್ಟಿಗೆ

ನಾನು ಫಾರ್ಮಸಿಸ್ಟ್. ಕೌಂಟರಿನ ಆಚೆಯಿಂದ ಈ ಪ್ರಶ್ನೆ ಬರದ ವಾರವೇ ಇಲ್ಲ.

ಚೀಟಿ ಸುಳ್ಳು ಹೇಳ್ತಿಲ್ಲ. ಆದರೆ ಅದು ಎಲ್ಲ ಜಾಗಕ್ಕೂ ಒಂದೇ ಲೆಕ್ಕ ಕೊಡೋದಿಲ್ಲ, ಪೂರ್ತಿ ಓದಿ. ತೊಡೆಸಂದಿ, ಮೈಮೇಲಿನ ಹುಳುಕಡ್ಡಿಗೆ ದಿನಕ್ಕೊಮ್ಮೆ ಒಂದು ವಾರ. ಕಾಲ್ಬೆರಳ ಸಂದಿಗೆ ಸಾಮಾನ್ಯವಾಗಿ ದಿನಕ್ಕೆರಡು ಸಲ ಒಂದು ವಾರ. ಅದೇ ರೋಗ ಅಂಗಾಲಿಗೋ ಪಾದದ ಪಕ್ಕಕ್ಕೋ ಹಬ್ಬಿದ್ದರೆ ದಿನಕ್ಕೆರಡು ಸಲ ಎರಡು ವಾರ, ಯಾಕಂದ್ರೆ ಅಲ್ಲಿ ಚರ್ಮದ ಮೇಲ್ಪದರ ದಪ್ಪ. ಚಿಬ್ಬಿಗೂ ಎರಡು ವಾರ.

ಆ ಅವಧಿಗಳು ಬಂದದ್ದು ಔಷಧಿಗೆ ಚೆನ್ನಾಗಿ ಬಗ್ಗುವ ಶಿಲೀಂಧ್ರಗಳ ಮೇಲೆ ನಡೆದ ಪರೀಕ್ಷೆಗಳಿಂದ. ನಿಮ್ಮ ಡಾಕ್ಟರು ನಿಮ್ಮ ಚರ್ಮವನ್ನು ಕಣ್ಣಾರೆ ನೋಡಿದ್ದಾರೆ, ಚೀಟಿ ಬರೆದವರು ನೋಡಿಲ್ಲ. ಅವರ ಮಾತಿಗೇ ಹೆಚ್ಚು ತೂಕ ಕೊಡಿ.

ಲಿವರ್ ವಿಷಯ: ಹಚ್ಚಿದ ಮುಲಾಮಿನಲ್ಲಿ ರಕ್ತಕ್ಕೆ ಸೇರೋದು ಶೇ. 5ಕ್ಕಿಂತ ಕಡಿಮೆ. ಮಾತ್ರೆ 250 ಮಿಲಿಗ್ರಾಂ, ಅದೂ ದಿನಾ ನುಂಗೋದು. ಮುಲಾಮು ಒಂದು ಗ್ರಾಂ ಹಚ್ಚಿದರೆ ಅದರಲ್ಲಿ ಔಷಧಿ ಇರೋದೇ 10 ಮಿಲಿಗ್ರಾಂ, ಅದರಲ್ಲಿ ಒಳಗೆ ಹೋಗೋದು ಅರ್ಧ ಮಿಲಿಗ್ರಾಂ ಕೂಡ ಇಲ್ಲ. ಲಿವರ್ ಪರೀಕ್ಷೆ, ನಾಲಗೆ ರುಚಿ ಕೆಡೋದು, ಬೇರೆ ಮಾತ್ರೆಗಳ ಜೊತೆ ತಾಕಲಾಟ, ಇವೆಲ್ಲ ಮಾತ್ರೆಯ ಗೋಳು.

ಸುಣ್ಣಕಲ್ಲು

ಟೆರ್ಬಿನಫೈನ್ ಕಾಲ ಮುಗೀತು ಸ್ವಾಮಿ. ಯಾರನ್ನ ಕೇಳಿದರೂ ವಾಪಸ್ ಬಂತು ಅಂತಾರೆ. ಲುಲಿಕೊನಜೋಲ್ ತಗೊಳ್ಳಿ, ತಲೆಬಿಸಿ ಬೇಡ.

ಬೆಂಜೀನ್ ಮೇಷ್ಟ್ರು

ಕಾಲ ಮುಗೀತೋ ಇಲ್ಲವೋ ಅನ್ನೋದಕ್ಕೆ ಮೊದಲು ಆ ಅಣು ಏನು ಮಾಡುತ್ತೆ ಅಂತ ತಿಳ್ಕೊಳ್ಳೋಣ. ರಸಾಯನಶಾಸ್ತ್ರ ಪಾಠ ಮಾಡೋನು ನಾನು, ಸ್ವಲ್ಪ ಉದ್ದ ಆಗುತ್ತೆ, ಸಹಿಸ್ಕೊಳ್ಳಿ.

ಟೆರ್ಬಿನಫೈನ್ ಅಂದ್ರೆ 21 ಕಾರ್ಬನ್, 25 ಹೈಡ್ರೋಜನ್, ಒಂದೇ ಒಂದು ನೈಟ್ರೋಜನ್. ಅಣುತೂಕ ಸುಮಾರು 291. ಆಕ್ಸಿಜನ್ ಹೆಸರಿಗೂ ಇಲ್ಲ. ಒಂದು ತುದಿಯಲ್ಲಿ ನ್ಯಾಫ್ತಲೀನಿನ ಜೋಡಿ ಉಂಗುರ, ಬಟ್ಟೆ ಪೆಟ್ಟಿಗೆಗೆ ಹಾಕೋ ನುಸಿಗುಳಿಗೆಯಲ್ಲಿ ಇರುತ್ತಲ್ಲ ಅದೇ. (ಹಾಗಂತ ನುಸಿಗುಳಿಗೆ ಅರೆದು ಹಚ್ಚೀರಿ ಜೋಕೆ.) ನಡುವೆ ಒಂದು ಮೀಥೈಲ್ ಹೊತ್ತ ನೈಟ್ರೋಜನ್. ಅಲ್ಲಿಂದ ಮುಂದೆ ಒಂದು ದ್ವಿಬಂಧ, ಅದರ ಪಕ್ಕಕ್ಕೇ ಒಂದು ತ್ರಿಬಂಧ, ತುದಿಯಲ್ಲಿ ಮೂರು ಮೀಥೈಲ್‌ಗಳ ಗೊಂಚಲು. ನೈಟ್ರೋಜನ್ನಿನಿಂದ ಒಂದು ಕಾರ್ಬನ್ ದಾಟಿದ ಮೇಲೆ ದ್ವಿಬಂಧ ಬಂದರೆ ಅದು ಅಲೈಲಮೀನ್. ಈ ಔಷಧಿಗಳ ಮನೆತನಕ್ಕೂ ಅದೇ ಹೆಸರು.

ಈ ರಚನೆಯಿಂದಾಗಿ ಅದಕ್ಕೆ ನೀರು ಕಂಡರೆ ಆಗೋದಿಲ್ಲ, ಕೊಬ್ಬು ಅಂದ್ರೆ ಪ್ರಾಣ. ನೀರು, ಎಣ್ಣೆಯಂಥ ದ್ರಾವಕ ಎರಡನ್ನೂ ಪಕ್ಕಪಕ್ಕ ಇಟ್ಟರೆ ಎಣ್ಣೆಯ ಕಡೆಗೆ ಲಕ್ಷ ಪಟ್ಟಿಗೂ ಮೀರಿ ಸರಿಯುತ್ತೆ. ಮುಲಾಮಿನಲ್ಲಿ ಹೈಡ್ರೋಕ್ಲೋರೈಡ್ ಲವಣವಾಗಿ ಇರುತ್ತೆ, ಬಿಳಿ ಪುಡಿ. ಲವಣವಾದ ಮೇಲೂ ನೀರಿನಲ್ಲಿ ಅಷ್ಟಕ್ಕಷ್ಟೆ. ಆಲ್ಕೋಹಾಲಿನಲ್ಲಿ ಕರಗುತ್ತೆ.

ಚರ್ಮದ ತೀರಾ ಮೇಲಿನ ಪದರ ಇದೆಯಲ್ಲ, ಸತ್ತ ಕೋಶಗಳ ಕೊಂಬುಪದರ, ಅದು ಕೆರಟಿನ್ (ಕೂದಲು, ಉಗುರಿನಲ್ಲಿರೋ ಗಟ್ಟಿ ಪ್ರೋಟೀನು) ಮತ್ತು ಕೊಬ್ಬಿನಿಂದಲೇ ಆದದ್ದು. ಟೆರ್ಬಿನಫೈನ್ ಅಲ್ಲಿಗೆ ಹೋಗಿ ಕೂತರೆ ಸುಲಭಕ್ಕೆ ಏಳೋದಿಲ್ಲ. ಹಚ್ಚೋದು ನಿಲ್ಲಿಸಿದ ಮೇಲೂ ದಿನಗಟ್ಟಲೆ ಅಲ್ಲೇ ಇರುತ್ತೆ. ಚೀಟಿ ಒಂದೇ ವಾರ ಅಂತ ಬರೆಯೋ ಧೈರ್ಯ ಮಾಡಿದ್ದು ಇದನ್ನು ನೆಚ್ಚಿಕೊಂಡೇ. ನೀವು ಹಚ್ಚೋದು ಏಳು ದಿನ, ಔಷಧಿ ಕೆಲಸ ಮಾಡೋದು ಅದಕ್ಕಿಂತ ಹೆಚ್ಚು ದಿನ.

ಗುಳಿಗೆಪೆಟ್ಟಿಗೆ

ಮೇಷ್ಟ್ರು ಹೇಳಿದ್ದಕ್ಕೆ ಒಂದು ಪುರಾವೆ. ಕಾಲ್ಬೆರಳ ಸಂದಿಗೆ ಅಂತಲೇ ಒಂದು ಸಲ ಮಾತ್ರ ಹಚ್ಚುವ ಟೆರ್ಬಿನಫೈನ್ ದ್ರಾವಣ ಇದೆ. ಹಚ್ಚಿದ ಕೂಡಲೇ ತೆಳುವಾದ ಪೊರೆ ಕಟ್ಟುತ್ತೆ. ಒಂದೇ ಕಾಲಿಗೆ ರೋಗ ಕಂಡರೂ ಎರಡೂ ಪಾದಕ್ಕೆ ಹಚ್ಚಿ, 24 ಗಂಟೆ ತೊಳೆಯಬಾರದು. ಅಷ್ಟೇ, ಮತ್ತೆ ಹಚ್ಚೋ ಹಾಗಿಲ್ಲ. ಒಂದು ಸಲ ಹಚ್ಚಿದ ಔಷಧಿ ಕೊಂಬುಪದರದಲ್ಲಿ 13 ದಿನದವರೆಗೂ ಸಿಕ್ಕಿದೆ.

ಬರಿಗಾಲು

ಮೇಷ್ಟ್ರೇ ಧನ್ಯವಾದ. ಕೂತ ಮೇಲೆ ಅಲ್ಲಿ ಮಾಡೋದೇನು? ಕ್ಲೋಟ್ರಿಮಜೋಲ್ ಕೂಡ ಶಿಲೀಂಧ್ರ ಕೊಲ್ಲುತ್ತೆ ಅಂತಾನೇ ಅಲ್ವಾ ಬರೆದಿರೋದು?

ಬೆಂಜೀನ್ ಮೇಷ್ಟ್ರು

ಬಹುಪಾಲು ಕೊಲ್ಲೋದಿಲ್ಲ, ಬೆಳೆಯದಂತೆ ತಡೆಯುತ್ತೆ. ವ್ಯತ್ಯಾಸ ಇರೋದೇ ಅಲ್ಲಿ.

ನಮ್ಮ ಕೋಶದ ಪೊರೆಗೆ ಕೊಲೆಸ್ಟ್ರಾಲ್ ಹೇಗೋ ಶಿಲೀಂಧ್ರಕ್ಕೆ ಅರ್ಗೋಸ್ಟೆರಾಲ್ ಹಾಗೆ. ಅದನ್ನು ಶಿಲೀಂಧ್ರ ಹಂತಹಂತವಾಗಿ ತಯಾರಿಸ್ಕೊಳ್ಳುತ್ತೆ. ಆರಂಭದ ಒಂದು ಹಂತದಲ್ಲಿ ಸ್ಕ್ವಾಲೀನ್ ಅನ್ನೋ ಉದ್ದನೆಯ ಕೊಬ್ಬಿನ ಸರಪಳಿಗೆ ಒಂದು ಆಕ್ಸಿಜನ್ ಅಂಟಿಸಬೇಕು. ಅಂಟಿಸೋ ಕಿಣ್ವ ಸ್ಕ್ವಾಲೀನ್ ಎಪಾಕ್ಸಿಡೇಸ್. ಟೆರ್ಬಿನಫೈನ್ ಹಿಡಿಯೋದು ಇದರ ಕುತ್ತಿಗೆ. ಕ್ಲೋಟ್ರಿಮಜೋಲ್, ಮೈಕೊನಜೋಲ್, ಲುಲಿಕೊನಜೋಲ್ ಎಲ್ಲ ಏಜೋಲ್‌ಗಳು. ಅವು ಇನ್ನೂ ಮುಂದಿನ ಹಂತದಲ್ಲಿ, ಅದೇ ದಾರಿಯ ನಡುವೆ ತಯಾರಾಗೋ ಲ್ಯಾನೋಸ್ಟೆರಾಲ್‌ನಿಂದ ಒಂದು ಮೀಥೈಲ್ ಗುಂಪು ತೆಗೆಯೋ ಕಿಣ್ವವನ್ನು ತಡೆಯುತ್ತವೆ.

ಎರಡರಲ್ಲೂ ಅರ್ಗೋಸ್ಟೆರಾಲ್ ಕಮ್ಮಿಯಾಗುತ್ತೆ, ಪೊರೆ ಸಡಿಲವಾಗುತ್ತೆ, ಬೆಳವಣಿಗೆ ನಿಲ್ಲುತ್ತೆ. ಟೆರ್ಬಿನಫೈನಿನ ಜೊತೆ ಇನ್ನೊಂದೂ ಆಗುತ್ತೆ: ಬಳಕೆಯಾಗದ ಸ್ಕ್ವಾಲೀನ್ ಕೋಶದೊಳಗೇ ಕೊಬ್ಬಿನ ಹನಿಗಳಾಗಿ ಗುಡ್ಡೆ ಬೀಳುತ್ತೆ. ಆ ಹನಿಗಳು ಪೊರೆಗೆ ಬೇಕಾದ ಕೊಬ್ಬನ್ನೂ ಹೀರಿಕೊಂಡು ಕೋಶವನ್ನೇ ಕೆಡಿಸ್ತವೆ. ಹುಳುಕಡ್ಡಿಯ ಶಿಲೀಂಧ್ರಗಳು ಇದರಿಂದ ಸಾಯ್ತವೆ, ಅದೂ ಮಿಲಿಲೀಟರಿಗೆ 0.01 ಮೈಕ್ರೋಗ್ರಾಮಿನ ಆಸುಪಾಸಿನ ಸಾಂದ್ರತೆಯಲ್ಲಿ. ಪುಟ್ಟ ಪ್ರಮಾಣ ಅದು.

ಮನುಷ್ಯರಿಗೂ ಇದೇ ಹೆಸರಿನ ಕಿಣ್ವ ಇದೆ, ನಮ್ಮ ಕೊಲೆಸ್ಟ್ರಾಲ್ ಅದರ ಮೂಲಕವೇ ತಯಾರಾಗೋದು. ಆದರೆ ನಮ್ಮದನ್ನು ತಡೆಯೋಕೆ ಸಾವಿರಾರು ಪಟ್ಟು ಹೆಚ್ಚು ಔಷಧಿ ಬೇಕು, ಮುಲಾಮು ಆ ಮಟ್ಟದ ಹತ್ತಿರಕ್ಕೂ ಸುಳಿಯೋದಿಲ್ಲ.

ಹುಟ್ಟಿದ ಕಥೆಯೂ ಸ್ವಾರಸ್ಯವಾಗಿದೆ. 1974ರಲ್ಲಿ ವಿಯೆನ್ನಾದ ಸ್ಯಾಂಡೋಜ್ ಸಂಶೋಧನಾ ಕೇಂದ್ರದಲ್ಲಿ ನರಮಂಡಲದ ಔಷಧಿ ಹುಡುಕ್ತಿದ್ದವರಿಗೆ ಎಣಿಸದೇ ಸಿಕ್ಕ ಅಣು ನ್ಯಾಫ್ಟಿಫೈನ್. ನರಕ್ಕಲ್ಲ, ಶಿಲೀಂಧ್ರಕ್ಕೆ ಆಗಿಬರುತ್ತೆ ಅಂತ ಪರೀಕ್ಷೆಯಲ್ಲಿ ಗೊತ್ತಾಯ್ತು. ಅದರ ತುದಿಯ ಬೆಂಜೀನ್ ಉಂಗುರ ಕಿತ್ತು ತ್ರಿಬಂಧದ ಬಾಲ ಜೋಡಿಸಿದಾಗ ಬಂದದ್ದು ಟೆರ್ಬಿನಫೈನ್. 1991ರಲ್ಲಿ ಯುರೋಪಿನಲ್ಲಿ ಬಳಕೆಗೆ ಬಂತು. ಅಮೆರಿಕದಲ್ಲಿ ಮಾತ್ರೆಗೆ ಒಪ್ಪಿಗೆ ಸಿಕ್ಕಿದ್ದು 1996ರಲ್ಲಿ.

ಅಖಾಡದ ಮಣ್ಣು

ಇಷ್ಟೆಲ್ಲ ವಿಜ್ಞಾನ ಸರಿ. ನಾನು ಕುಸ್ತಿ ಅಭ್ಯಾಸ ಮಾಡೋನು, ನಮ್ಮಲ್ಲಿ ಅರ್ಧಕ್ಕರ್ಧ ಜನಕ್ಕೆ ಈ ಪೀಡೆ. ಟೆರ್ಬಿನಫೈನ್ ಹಚ್ಚಿದರೆ ನಾಲ್ಕೈದು ದಿನ ಏನೂ ಆಗಲ್ಲ, ತುರಿಕೆ ಹಾಗೇ. ಮೂರು ನಾಲ್ಕು ಔಷಧಿ ಬೆರೆಸಿದ ಕ್ರೀಮ್ ಬರುತ್ತಲ್ಲ, ಅದನ್ನ ರಾತ್ರಿ ಹಚ್ಚಿದರೆ ಬೆಳಿಗ್ಗೆ ತುರಿಕೆ ಮಂಗಮಾಯ. ಕೆಲಸ ಮಾಡೋದನ್ನ ಬಿಟ್ಟು ಮಾಡದೇ ಇರೋದನ್ನ ಯಾಕ್ರೀ ಹೊಗಳ್ತೀರ?

ಚರ್ಮದ ಡಾಕ್ಟ್ರಮ್ಮ

ಈ ಎಳೆಯಲ್ಲಿ ಸುಮ್ಮನೆ ಓದ್ಕೊಂಡಿರೋಣ ಅಂತಿದ್ದೆ, ಇದನ್ನ ನೋಡಿ ಆಗಲಿಲ್ಲ.

ಅಣ್ಣ, ಆ ಡಬ್ಬಿಯ ಸಣ್ಣಕ್ಷರ ಓದಿ. ಕ್ಲೋಬೆಟಸೋಲ್ ಅಂತಲೋ ಬೀಟಾಮೆಥಾಸೋನ್ ಅಂತಲೋ ಇದ್ದರೆ ಅದು ಸ್ಟಿರಾಯ್ಡ್. ಬೆಳಿಗ್ಗೆ ಎದ್ದಾಗ ತುರಿಕೆ ಹೋಗಿದ್ದು ಅದರ ಕೈವಾಡ. ಕ್ಲೋಬೆಟಸೋಲ್ ಅಂತೂ ಚರ್ಮಕ್ಕೆ ಹಚ್ಚುವ ಸ್ಟಿರಾಯ್ಡ್‌ಗಳಲ್ಲಿ ಅತ್ಯಂತ ಪ್ರಬಲ ವರ್ಗದ್ದು.

ತುರಿಕೆ, ಕೆಂಪು, ಉಬ್ಬಿದ ಅಂಚು ಇವನ್ನ ಮಾಡ್ತಿರೋದು ಬರೀ ಶಿಲೀಂಧ್ರ ಅಲ್ಲ. ಅದರ ವಿರುದ್ಧ ನಿಮ್ಮ ಮೈ ಹೂಡಿರೋ ಹೋರಾಟ ಅದು. ಸ್ಟಿರಾಯ್ಡ್ ನಿಮ್ಮ ಸೈನ್ಯವನ್ನೇ ಮಲಗಿಸಿಬಿಡುತ್ತೆ. ಗಲಾಟೆ ನಿಲ್ಲುತ್ತೆ, ಶತ್ರು ಮಾತ್ರ ಆರಾಮಾಗಿ ಹಬ್ಬುತ್ತಾನೆ. ಉಂಗುರದ ಅಂಚು ಅಳಿಸಿಹೋಗಿ, ಒಂದರೊಳಗೊಂದು ಉಂಗುರ ಮೂಡಿ, ಕಡೆಗೆ ನಮಗೇ ಇದು ಹುಳುಕಡ್ಡಿಯೋ ಬೇರೇನೋ ಅಂತ ಗುರುತು ಹತ್ತದ ಸ್ಥಿತಿಗೆ ಬರುತ್ತೆ. ಬ್ರಿಟನ್ನಿನ ಇಬ್ಬರು ವೈದ್ಯರು 1968ರಲ್ಲೇ ಇದನ್ನು ವಿವರಿಸಿ ಟೀನಿಯಾ ಇನ್‌ಕಾಗ್ನಿಟೋ ಅಂತ ಹೆಸರಿಟ್ಟರು, ವೇಷ ಮರೆಸಿಕೊಂಡ ಹುಳುಕಡ್ಡಿ ಅಂತ. ಕೆಲವೊಮ್ಮೆ ಶಿಲೀಂಧ್ರ ಕೂದಲ ಬುಡಕ್ಕೆ ಇಳಿದು ಗಂಟುಗಂಟಾಗುತ್ತೆ. ಅಲ್ಲಿಗೆ ಯಾವ ಮುಲಾಮೂ ತಲುಪೋದಿಲ್ಲ, ಮಾತ್ರೆಯೇ ಗತಿ.

ತೊಡೆಸಂದಿಯ ಚರ್ಮ ತೆಳು, ಮೇಲಾಗಿ ಸದಾ ಮಡಿಕೆಯಲ್ಲಿ ಮುಚ್ಚಿರುತ್ತೆ, ಅಲ್ಲಿ ಸ್ಟಿರಾಯ್ಡ್ ಬೇರೆ ಕಡೆಗಿಂತ ಜಾಸ್ತಿ ಇಳಿಯುತ್ತೆ. ವಾರಗಟ್ಟಲೆ ಹಚ್ಚಿದವರ ತೊಡೆ ಒಳಭಾಗ ನೋಡಿದ್ದೀನಿ: ಬೆರಳಗಲದ ನೇರಳೆ ಗೀರುಗಳು, ಚರ್ಮ ಹಾಳೆಯಷ್ಟು ತೆಳು, ಒಳಗಿನ ನರ ಎದ್ದು ಕಾಣೋದು. ಹುಳುಕಡ್ಡಿ ವಾಸಿಯಾಗುತ್ತೆ, ಆ ಗೀರು ಹೋಗೋದಿಲ್ಲ.

ಟೆರ್ಬಿನಫೈನ್ ನಾಲ್ಕೈದು ದಿನ ಏನೂ ಮಾಡಿಲ್ಲ ಅಂದ್ರಲ್ಲ, ಅದು ತುರಿಕೆಯ ಔಷಧಿಯೇ ಅಲ್ಲ. ಶಿಲೀಂಧ್ರ ಸಾಯ್ತಾ ಬಂದ ಹಾಗೆ ತುರಿಕೆ ತಾನಾಗಿ ಇಳಿಯಬೇಕು. ಅಲ್ಲೀವರೆಗೆ ತಡೆಯೋಕಾಗದಿದ್ದರೆ ಅಲರ್ಜಿ ಮಾತ್ರೆ ಕೇಳಿ ತಗೊಳ್ಳಿ.

ಅಖಾಡದ ಮಣ್ಣು

ಡಬ್ಬಿ ನೋಡಿದೆ ಮೇಡಂ. ಕ್ಲೋಬೆಟಸೋಲ್ ಇದೆ. ಇವತ್ತೇ ನಿಲ್ಲಿಸಿಬಿಡಲಾ?

ಚರ್ಮದ ಡಾಕ್ಟ್ರಮ್ಮ

ಬಹಳ ದಿನದಿಂದ ಹಚ್ತಿದ್ದರೆ ನಿಲ್ಲಿಸಿದ ಕೂಡಲೇ ಕೆಂಪು, ಉರಿ, ತುರಿಕೆ ಮೊದಲಿಗಿಂತ ಜೋರಾಗಿ ಏಳುತ್ತೆ. ಹೆದರಿ ಮತ್ತೆ ಅದನ್ನೇ ಹಚ್ಚೋದೇ ಎಲ್ಲರೂ ಬೀಳೋ ಗುಂಡಿ. ಚರ್ಮದ ಡಾಕ್ಟರ ಹತ್ತಿರ ಹೋಗಿ, ಡಬ್ಬಿ ಕೈಯಲ್ಲೇ ಇರಲಿ. ಮುಚ್ಚಿಡಬೇಡಿ, ಯಾರೂ ಬೈಯಲ್ಲ. (ಬೈದರೂ ಪರವಾಗಿಲ್ಲ, ಚಿಕಿತ್ಸೆ ಸರಿ ಸಿಗುತ್ತೆ.) ಒಬ್ಬರ ಟವಲ್, ಅಭ್ಯಾಸದ ಬಟ್ಟೆ ಇನ್ನೊಬ್ಬರು ಮುಟ್ಟೋದು ನಿಲ್ಲಲಿ, ಇಲ್ಲದಿದ್ದರೆ ನಿಮ್ಮಲ್ಲಿ ಒಬ್ಬರಿಗೆ ವಾಸಿಯಾಗೋ ಹೊತ್ತಿಗೆ ಇನ್ನೊಬ್ಬರಿಗೆ ಶುರು.

ಸುಣ್ಣಕಲ್ಲು

ನನ್ನ ಮಾತಿಗೆ ಯಾರೂ ಉತ್ತರ ಕೊಡಲಿಲ್ಲ. ಔಷಧಿಗೆ ಬಗ್ಗದ ಹುಳುಕಡ್ಡಿ ಬಂದಿದೆಯೋ ಇಲ್ಲವೋ?

ಲ್ಯಾಬ್ ಕೋಟು

ಬಂದಿದೆ. ಟ್ರೈಕೊಫೈಟಾನ್ ಇಂಡೊಟಿನಿಯೆ. ಮೊದಲು ಬೇರೊಂದು ಪ್ರಭೇದದ ಒಳಗಿನ ಒಂದು ಬಗೆ ಅಂತ ಎಣಿಸ್ತಿದ್ದರು. 2020ರಲ್ಲಿ ಜಪಾನಿನ ಸಂಶೋಧಕರು ಪ್ರತ್ಯೇಕ ಹೆಸರು ಕೊಟ್ಟರು, ಅವರು ನೋಡಿದ ರೋಗಿಗಳು ನೇಪಾಳ ಮತ್ತು ಭಾರತದವರು. 2023ರಲ್ಲಿ ಅಮೆರಿಕದ ನ್ಯೂಯಾರ್ಕಿನಿಂದಲೂ ವರದಿಯಾಯ್ತು. ಈಗ ಹಲವು ಖಂಡಗಳಲ್ಲಿ ಇದೆ.

ಹೇಗೆ ತಪ್ಪಿಸಿಕೊಳ್ಳುತ್ತೆ ಅಂದ್ರೆ, ಮೇಷ್ಟ್ರು ಹೇಳಿದ ಸ್ಕ್ವಾಲೀನ್ ಎಪಾಕ್ಸಿಡೇಸ್ ಕಿಣ್ವದಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿರುತ್ತೆ. ಹೆಚ್ಚಾಗಿ 397ನೇ ಸ್ಥಾನದ ಫಿನೈಲಲನೀನ್ ಹೋಗಿ ಲ್ಯೂಸೀನ್ ಬಂದಿರುತ್ತೆ, ಕೆಲವದರಲ್ಲಿ 393ನೇ ಸ್ಥಾನದಲ್ಲಿ ಬದಲಾವಣೆ. ಅಷ್ಟಕ್ಕೇ ಔಷಧಿ ಕೂರೋ ಜಾಗದ ಆಕಾರ ಕೆಟ್ಟು, ಸಾಯಿಸೋಕೆ ನೂರಾರು ಪಟ್ಟು ಹೆಚ್ಚು ಬೇಕಾಗುತ್ತೆ.

ಆದರೆ ಸುಣ್ಣಕಲ್ಲು ಅವರೇ, ವಾಪಸ್ ಬಂದದ್ದೆಲ್ಲ ಇದೇ ಅಂತ ಕಣ್ಮುಚ್ಚಿ ಹೇಳೋಕಾಗಲ್ಲ. ನನ್ನ ಮೇಜಿಗೆ ಬರೋ "ಔಷಧಿ ಹತ್ತಲಿಲ್ಲ" ಅನ್ನೋ ಮಾದರಿಗಳಲ್ಲಿ ಕೆಲವು ಹುಳುಕಡ್ಡಿಯೇ ಆಗಿರೋದಿಲ್ಲ. ತೊಡೆಸಂದಿಯಲ್ಲಿ ಕಂದು ಬಣ್ಣದ, ಅಂಚು ಉಬ್ಬದ, ಅಷ್ಟಾಗಿ ತುರಿಸದ ಮಚ್ಚೆ ಇದ್ದರೆ ಅದು ಎರಿತ್ರಾಸ್ಮ ಇರಬಹುದು. ಅದು ಬ್ಯಾಕ್ಟೀರಿಯಾದ ಕೆಲಸ, ವುಡ್ಸ್ ದೀಪ (ಚರ್ಮ ಪರೀಕ್ಷಿಸೋ ನೇರಳಾತೀತ ದೀಪ) ಹಿಡಿದರೆ ಹವಳಗೆಂಪಾಗಿ ಹೊಳೆಯುತ್ತೆ. ಮಡಿಕೆಗಳಲ್ಲಿ ಬರೋ ಸೋರಿಯಾಸಿಸ್ ಕೂಡ ಹೀಗೇ ಕಾಣುತ್ತೆ. ಇವಕ್ಕೆ ಟೆರ್ಬಿನಫೈನ್ ಹಚ್ಚಿ ಹತ್ತಲಿಲ್ಲ ಅಂದ್ರೆ ಔಷಧಿಯ ತಪ್ಪೇನು?

ಚರ್ಮದ ಡಾಕ್ಟ್ರಮ್ಮ

ಸರಿಯಾಗಿ ಹೇಳಿದ್ರಿ. ಲುಲಿಕೊನಜೋಲ್ ಒಳ್ಳೇ ಔಷಧಿ, ಹುಳುಕಡ್ಡಿ ಶಿಲೀಂಧ್ರಗಳ ಮೇಲೆ ಬಲವಾಗಿ ಕೆಲಸ ಮಾಡುತ್ತೆ, ಇಂಡೊಟಿನಿಯೆ ಅನುಮಾನ ಇದ್ದರೆ ನಾವೂ ಏಜೋಲ್ ಕಡೆ ತಿರುಗ್ತೀವಿ. ಆದರೆ ಅದರ ಚೀಟಿಯಲ್ಲೂ ತೊಡೆಸಂದಿಗೆ ಒಂದು ವಾರ ಅಂತಲೇ ಇದೆ! ಅದನ್ನೂ ಅರ್ಧಕ್ಕೆ ಬಿಟ್ಟವರಿಗೆ ಅದೂ "ಹತ್ತಲಿಲ್ಲ". ಔಷಧಿ ಬದಲಾಯಿಸೋ ಮುಂಚೆ ರೋಗ ಯಾವುದು, ಹಚ್ಚಿದ್ದು ಹೇಗೆ, ಮಧ್ಯೆ ಸ್ಟಿರಾಯ್ಡ್ ನುಸುಳಿತ್ತಾ ಅಂತ ನೋಡಬೇಕು.

ಮೂಲ ಪ್ರಶ್ನೆಗೆ ನನ್ನ ಉತ್ತರ. ಹೊಸದಾಗಿ ಎದ್ದ, ಸಣ್ಣ, ಸ್ಟಿರಾಯ್ಡ್ ಸೋಕದ ಹುಳುಕಡ್ಡಿಗೆ ಒಂದು ವಾರ ಸಾಲಬಹುದು. ನನ್ನ ಹತ್ತಿರ ಬರೋರಲ್ಲಿ ಅಂಥವರು ಅಪರೂಪ. ಕೊಂಬುಪದರ ಪೂರ್ತಿ ಉದುರಿ ಹೊಸದು ಬರೋಕೆ ಮೈಮೇಲೆ ಸುಮಾರು ಎರಡು ವಾರ ಬೇಕು, ಅಂಗಾಲಿನಲ್ಲಿ ಇನ್ನೂ ಹೆಚ್ಚು. ಅಷ್ಟೂ ದಿನ ಶಿಲೀಂಧ್ರ ಹೊತ್ತ ಸಿಪ್ಪೆ ಉದುರ್ತಾನೇ ಇರುತ್ತೆ. ಅದಕ್ಕೇ ಕಣ್ಣಿಗೆ ವಾಸಿ ಅನಿಸಿದ ಮೇಲೂ ಒಂದೆರಡು ವಾರ ಹಚ್ಚಿ ಅನ್ನೋದು. ಬರಿಗಾಲು ಅವರ ಡಾಕ್ಟರು ಹೇಳಿದ್ದರಲ್ಲಿ ನನಗೇನೂ ಅತಿ ಕಾಣಲಿಲ್ಲ.

ಬರಿಗಾಲು

ಅರ್ಥ ಆಯ್ತು, ನಾಲ್ಕು ವಾರಾನೇ ಹಚ್ತೀನಿ. ಹಚ್ಚೋದು ಅಂದ್ರೆ ಎಷ್ಟು? "ತೆಳುವಾಗಿ" ಅಂತ ಮಾತ್ರ ಇದೆ. ನಾನು ಕೆಂಪಾದ ಅಂಚಿಗೆ ಮಾತ್ರ ಹಚ್ತಿದ್ದೀನಿ.

ಗುಳಿಗೆಪೆಟ್ಟಿಗೆ

ಟ್ಯೂಬಿನಿಂದ ತೋರುಬೆರಳ ತುದಿಯಿಂದ ಮೊದಲ ಗೆರೆವರೆಗೆ ಒಂದು ಎಳೆ ಹಿಂಡಿ. ಅದು ಹೆಚ್ಚುಕಮ್ಮಿ ಅರ್ಧ ಗ್ರಾಂ. ನಿಮ್ಮ ಎರಡು ಅಂಗೈ (ಬೆರಳೂ ಸೇರಿ) ಅಗಲದ ಜಾಗಕ್ಕೆ ಸಾಕು. ಬಿಳಿ ಬಿಳಿ ಮೆತ್ತಿಕೊಂಡು ಕೂತರೆ ಜಾಸ್ತಿಯಾಯ್ತು ಅಂತ.

ಅಂಚಿಗೆ ಮಾತ್ರ ಹಚ್ಚೋದು ಸಾಲದು. ನಡುಭಾಗಕ್ಕೂ, ಅಂಚಿನಿಂದ ಆಚೆ ಎರಡು ಸೆಂಟಿಮೀಟರ್ ಚೆನ್ನಾಗಿರೋ ಚರ್ಮಕ್ಕೂ ಹಚ್ಚಿ. ಶಿಲೀಂಧ್ರ ನಿಮ್ಮ ಕಣ್ಣಿಗೆ ಕಾಣೋ ಗೆರೆಗಿಂತ ಮುಂದೆ ಹೋಗಿರುತ್ತೆ. ಸ್ನಾನ ಮಾಡಿ, ಒರೆಸಿ, ಪೂರ್ತಿ ಒಣಗಿದ ಮೇಲೆ ಹಚ್ಚಿ. ಹಚ್ಚಿದ ಮೇಲೆ ಕೈ ತೊಳ್ಕೊಳ್ಳಿ, ಕಣ್ಣು ಬಾಯಿಗೆ ತಾಕಬಾರದು. ಎದೆಹಾಲು ಕುಡಿಸೋ ತಾಯಂದಿರು ಎದೆಯ ಭಾಗಕ್ಕೆ ಹಚ್ಚಬಾರದು, ಬಸುರಿಯರು ಕೇಳದೇ ಹಚ್ಚಬಾರದು.

ಹಚ್ಚಿದಾಗ ಸ್ವಲ್ಪ ಚುರುಗುಟ್ಟಿದರೆ ಗಾಬರಿ ಬೇಡ. ಜಾಗ ಊದಿ, ನೀರು ತುಂಬಿದ ಗುಳ್ಳೆ ಎದ್ದರೆ ನಿಲ್ಲಿಸಿ. ಆಗ ತಪ್ಪಿತಸ್ಥ ಟೆರ್ಬಿನಫೈನೇ ಆಗಿರಬೇಕಿಲ್ಲ, ಕ್ರೀಮಿನಲ್ಲಿರೋ ಬೆಂಜೈಲ್ ಆಲ್ಕೋಹಾಲ್, ಸೀಟೈಲ್ ಆಲ್ಕೋಹಾಲ್ ಒಗ್ಗದವರೂ ಇದ್ದಾರೆ.

ಲ್ಯಾಬ್ ಕೋಟು

ಕಾಲ್ಬೆರಳ ಸಂದಿ ನೋಡ್ಕೊಂಡಿದ್ದೀರಾ? ತೊಡೆಸಂದಿಯ ಹುಳುಕಡ್ಡಿ ಎಷ್ಟೋ ಸಲ ಪಾದದಿಂದ ಹತ್ತಿದ್ದು. ಒಳಉಡುಪು ಹಾಕೋವಾಗ ಕಾಲು ತೂರಿಸ್ತೀವಲ್ಲ, ಬೆರಳಿನ ಶಿಲೀಂಧ್ರ ಬಟ್ಟೆಗೆ ಸವರಿ ಮೇಲೆ ಬರುತ್ತೆ. ಪಾದಕ್ಕೂ ರೋಗ ಇದ್ದರೆ ಎರಡನ್ನೂ ಒಟ್ಟಿಗೆ ಗುಣ ಮಾಡ್ಕೊಳ್ಳಬೇಕು. ಅಲ್ಲೀವರೆಗೆ ಮೊದಲು ಕಾಲುಚೀಲ, ಆಮೇಲೆ ಒಳಉಡುಪು.

ಬರಿಗಾಲು

ಕಿರುಬೆರಳ ಸಂದಿಯಲ್ಲಿ ಬೆಳ್ಳಗೆ ನೆನೆದ ಹಾಗೆ ಸಿಪ್ಪೆ ಇದೆ! ನೀರಿನಲ್ಲಿ ಓಡಾಡಿದ್ದಕ್ಕೆ ಅಂದ್ಕೊಂಡಿದ್ದೆ. ಡಾಕ್ಟರಿಗೆ ತೋರಿಸಲೇ ಇಲ್ಲ.

ತೊಟ್ಟಿಲು

ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಮಗುವಿನ ಡೈಪರ್ ಜಾಗದಲ್ಲಿ ಕೆಂಪು ದದ್ದು, ಸುತ್ತ ಚಿಕ್ಕ ಚಿಕ್ಕ ಗುಳ್ಳೆ. ಮನೆಯಲ್ಲಿ ಟೆರ್ಬಿನಫೈನ್ ಇದೆ, ಹಚ್ಚಬಹುದಾ?

ಚರ್ಮದ ಡಾಕ್ಟ್ರಮ್ಮ

ಬೇಡಮ್ಮ. ನೀವು ಹೇಳ್ತಿರೋ ಲಕ್ಷಣ ಕ್ಯಾಂಡಿಡಾ ಇದ್ದ ಹಾಗಿದೆ, ಅದು ಯೀಸ್ಟ್ ಜಾತಿ. ಅದರ ಮೇಲೆ ಟೆರ್ಬಿನಫೈನಿನ ಆಟ ಅಷ್ಟು ನಡೆಯಲ್ಲ, ಅಲ್ಲಿ ಕ್ಲೋಟ್ರಿಮಜೋಲ್, ನಿಸ್ಟಾಟಿನ್ ಮುಂದು. ಮಕ್ಕಳ ಡಾಕ್ಟರಿಗೆ ಒಮ್ಮೆ ತೋರಿಸಿ, ಡೈಪರ್ ಇಲ್ಲದೆ ಗಾಳಿಗೆ ಬಿಡಿ.

ಬರಿಗಾಲು ಅವರು ಮೊದಲೇ ಕೇಳಿದ ಕ್ಲೋಟ್ರಿಮಜೋಲ್ ವ್ಯತ್ಯಾಸಕ್ಕೂ ಇದೇ ಉತ್ತರ. ಹುಳುಕಡ್ಡಿಗೆ ಟೆರ್ಬಿನಫೈನ್ ಬೇಗ. ಯೀಸ್ಟ್ ಇರಬಹುದು ಅನ್ನೋ ಕಡೆ ಕ್ಲೋಟ್ರಿಮಜೋಲ್ ವಾಸಿ, ಅದರ ಹರವು ದೊಡ್ಡದು.

ನಿದ್ದೆಗೇಡಿ

ನನಗೆ ಬೆನ್ನ ಮೇಲೆ ಚಿಬ್ಬು. ಮುಲಾಮು ಬೆನ್ನಿಗೆಲ್ಲ ಹಚ್ಚೋಕೆ ಕೈ ಎಟುಕಲ್ಲ, ಟೆರ್ಬಿನಫೈನ್ ಮಾತ್ರೆ ನುಂಗಿದರೆ ಆಗಲ್ವಾ?

ಬೆಂಜೀನ್ ಮೇಷ್ಟ್ರು

ಇದು ನನಗೆ ಬಹಳ ಇಷ್ಟವಾದ ವಿಚಿತ್ರ. ಚಿಬ್ಬಿಗೆ ಮುಲಾಮು ಕೆಲಸ ಮಾಡುತ್ತೆ, ಅದೇ ಔಷಧಿಯ ಮಾತ್ರೆ ಮಾಡೋದಿಲ್ಲ! ನುಂಗಿದ ಟೆರ್ಬಿನಫೈನ್ ಚರ್ಮದ ಜಿಡ್ಡಿನ ಮೂಲಕ, ಕೆಳಗಿನಿಂದ ಬೆಳೆದು ಬರೋ ಕೋಶಗಳ ಮೂಲಕ ಮೇಲಕ್ಕೆ ಬರುತ್ತೆ, ಬೆವರಿನಲ್ಲಿ ಬರೋದಿಲ್ಲ. ಚಿಬ್ಬಿನ ಮಲಸೀಜಿಯಾ ಯೀಸ್ಟ್ ಇರೋದು ತೀರಾ ಮೇಲೆ, ಅದಕ್ಕೆ ಸಾಕಾಗೋವಷ್ಟು ಔಷಧಿ ಒಳಗಿನಿಂದ ಅಲ್ಲಿಗೆ ಸಿಗೋದಿಲ್ಲ. ಹೊರಗಿನಿಂದ ಹಚ್ಚಿದರೆ ನೇರ ತಲೆ ಮೇಲೆ ಬಿದ್ದ ಹಾಗೆ.

ಚರ್ಮದ ಡಾಕ್ಟ್ರಮ್ಮ

ಬೆನ್ನು ತುಂಬ ಇದ್ದರೆ ಕೀಟೊಕೊನಜೋಲ್ ಅಥವಾ ಸೆಲೆನಿಯಂ ಸಲ್ಫೈಡ್ ಶಾಂಪೂವನ್ನ ಮೈಗೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೊಳೆಯೋದು ಸುಲಭ. ಬಿಳಿ ಮಚ್ಚೆ ತಿಂಗಳುಗಟ್ಟಲೆ ಉಳಿಯುತ್ತೆ, ಅದು ಸತ್ತ ಯೀಸ್ಟ್ ಬಿಟ್ಟುಹೋದ ಬಣ್ಣದ ವ್ಯತ್ಯಾಸ. ಉಜ್ಜಿದಾಗ ಹುಡಿಯಂಥ ಸಿಪ್ಪೆ ಏಳದಿದ್ದರೆ ಔಷಧಿ ಮುಂದುವರಿಸೋ ಅಗತ್ಯ ಇಲ್ಲ. ಹುಳುಕಡ್ಡಿ ವಾಸಿಯಾದ ಜಾಗದ ಕಪ್ಪು ಕಲೆಗೂ ಅಷ್ಟೇ. ಕಲೆ ಹೋಗಲಿ ಅಂತ ತಿಂಗಳಾನುಗಟ್ಟಲೆ ಟೆರ್ಬಿನಫೈನ್ ಹಚ್ಚೋರಿದ್ದಾರೆ, ಅದು ಬಣ್ಣದ ಔಷಧಿ ಅಲ್ಲ.

ಬೆಕ್ಕಿನಮನೆ

ನಮ್ಮ ಬೆಕ್ಕಿನ ಕಿವಿ ಹತ್ತಿರ ರೋಮ ಉದುರಿ ದುಂಡಗೆ ಬೋಳಾಗಿದೆ, ಮಗಳ ಕೈಮೇಲೆ ಈಗ ಉಂಗುರ ಎದ್ದಿದೆ. ಇಬ್ಬರಿಗೂ ಒಂದೇ ಟ್ಯೂಬ್ ಸಾಕಾ?

ಲ್ಯಾಬ್ ಕೋಟು

ಮಗಳಿಗೆ ಡಾಕ್ಟರು, ಬೆಕ್ಕಿಗೆ ಪಶುವೈದ್ಯರು. ಬೆಕ್ಕಿನಿಂದ ಬರೋದು ಸಾಮಾನ್ಯವಾಗಿ ಮೈಕ್ರೋಸ್ಪೋರಂ ಕ್ಯಾನಿಸ್. ಬೆಕ್ಕು ಹಚ್ಚಿದ್ದನ್ನೆಲ್ಲ ನೆಕ್ಕುತ್ತೆ, ರೋಮದೊಳಗೆ ಸೇರಿದ ಶಿಲೀಂಧ್ರಕ್ಕೆ ಮುಲಾಮು ತಲುಪೋದೂ ಇಲ್ಲ. ಬೆಕ್ಕು ಮಲಗೋ ಹಾಸಿಗೆ ಬಟ್ಟೆ ಬಿಸಿನೀರಲ್ಲಿ ಒಗೆಯಿರಿ, ಉದುರಿದ ರೋಮದಲ್ಲಿ ಬೀಜಕಣ ತಿಂಗಳುಗಟ್ಟಲೆ ಬದುಕಿರುತ್ತೆ. ಮಗಳ ತಲೆಯಲ್ಲಿ ಎಲ್ಲಾದರೂ ಕೂದಲು ಉದುರಿದೆಯಾ ನೋಡಿ. ತಲೆಗೆ ಹತ್ತಿದ್ದರೆ ಮುಲಾಮಿನಿಂದ ಆಗಲ್ಲ, ಮಾತ್ರೆಯೇ ಬೇಕು.

ಸುಣ್ಣಕಲ್ಲು

ಸರಿ, ಪರೀಕ್ಷೆ ಪರೀಕ್ಷೆ ಅಂತೀರಲ್ಲ, ಅದರಲ್ಲಿ ಏನು ಮಾಡ್ತೀರಿ? ನನಗೂ ವಾಪಸ್ ಬರ್ತಾನೇ ಇದೆ, ಅದಕ್ಕೇ ಇಷ್ಟು ಕೂಗಾಡ್ತಿರೋದು.

ಲ್ಯಾಬ್ ಕೋಟು

ನೋವಿಲ್ಲ, ಕಾಯೋದೂ ಹೆಚ್ಚಿಲ್ಲ. ಮೊಂಡು ಬ್ಲೇಡಿನಿಂದ ಉಂಗುರದ ಅಂಚಿನ ಸಿಪ್ಪೆ ಕೆರೆದು ಗಾಜಿನ ಪಟ್ಟಿಗೆ ಉದುರಿಸ್ತೀವಿ. ನಡುಭಾಗದಲ್ಲಿ ಕೆರೆದರೆ ಏನೂ ಸಿಗಲ್ಲ, ಜೀವಂತ ಶಿಲೀಂಧ್ರ ಇರೋದು ಅಂಚಿನಲ್ಲಿ. ಅದರ ಮೇಲೆ ಶೇ. 10ರಿಂದ 20ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಒಂದು ಹನಿ. ಅದು ಚರ್ಮದ ಕೆರಟಿನ್ ಕರಗಿಸುತ್ತೆ, ಶಿಲೀಂಧ್ರದ ಗೋಡೆಯನ್ನ ಕರಗಿಸಲ್ಲ. ಸ್ವಲ್ಪ ಹೊತ್ತಾದ ಮೇಲೆ ಸೂಕ್ಷ್ಮದರ್ಶಕದ ಬೆಳಕು ತಗ್ಗಿಸಿ ನೋಡಿದರೆ, ಮಂಕಾಗಿ ಚದುರಿದ ಚರ್ಮಕೋಶಗಳ ಗೆರೆಗಳನ್ನ ಲೆಕ್ಕಿಸದೆ ಅಡ್ಡಡ್ಡ ಹಾಯ್ದುಹೋಗೋ ಉದ್ದನೆಯ ಎಳೆಗಳು ಕಾಣ್ತವೆ. ಒಂದೇ ದಪ್ಪ, ಅಲ್ಲಲ್ಲಿ ಕವಲು, ನಡುನಡುವೆ ಅಡ್ಡಗೋಡೆ. ಕಂಡರೆ ಹುಳುಕಡ್ಡಿ ಖಚಿತ. ಯಾವ ಪ್ರಭೇದ, ಯಾವ ಔಷಧಿಗೆ ಬಗ್ಗುತ್ತೆ ಅನ್ನೋದಕ್ಕೆ ಆ ಸಿಪ್ಪೆಯಲ್ಲಿರೋ ಶಿಲೀಂಧ್ರವನ್ನ ಲ್ಯಾಬಿನಲ್ಲಿ ಬೆಳೆಸಬೇಕು, ಅದಕ್ಕೆ ವಾರಗಳು ಹಿಡಿಯುತ್ತೆ, ಎಲ್ಲ ಲ್ಯಾಬಿನಲ್ಲೂ ಮಾಡಲ್ಲ.

ಒಂದು ಷರತ್ತು: ಹಿಂದಿನ ರಾತ್ರಿ ಟೆರ್ಬಿನಫೈನ್ ಬಳಿದುಕೊಂಡು ಬರಬೇಡಿ. ಅದು ಚರ್ಮದಲ್ಲಿ ಉಳಿಯೋದರಿಂದ ರೋಗ ಇದ್ದರೂ ಏನೂ ಬೆಳೆಯದೇ ಇರಬಹುದು. ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಅಂತ ಕಳಿಸೋ ಡಾಕ್ಟರನ್ನ ಕೇಳಿ, ಸಾಮಾನ್ಯವಾಗಿ ಒಂದೆರಡು ವಾರ ಅಂತಾರೆ.

ಬರಿಗಾಲು

ಕೊನೆಯದೊಂದು. ಪಾದ ನೋಡ್ತಾ ಇದ್ದರೆ ಹೆಬ್ಬೆರಳಿನ ಉಗುರೂ ಹಳದಿಯಾಗಿ ದಪ್ಪ ಆಗಿದೆ. ಇದೇ ಕ್ರೀಮ್ ಉಗುರಿಗೂ ತಿಕ್ಕಲಾ?

ಗುಳಿಗೆಪೆಟ್ಟಿಗೆ

ಟ್ಯೂಬ್ ದಂಡ. ಶೇ. 1ರ ಕ್ರೀಮ್ ಉಗುರಿನ ಗಟ್ಟಿ ಪದರ ದಾಟಲ್ಲ. ಉಗುರಿಗೆ ಅಂತಲೇ ಅಮೊರೊಲ್ಫಿನ್ ಶೇ. 5, ಸೈಕ್ಲೊಪಿರಾಕ್ಸ್ ಶೇ. 8ರ ಬಣ್ಣದಂಥ ಲೇಪಗಳಿವೆ, ತಿಂಗಳುಗಟ್ಟಲೆ ಹಚ್ಚಬೇಕು. ಬುಡದವರೆಗೂ ಕೆಟ್ಟಿದ್ದರೆ ಟೆರ್ಬಿನಫೈನ್ ಮಾತ್ರೆ, ಕಾಲಿನ ಉಗುರಿಗೆ ಸಾಮಾನ್ಯವಾಗಿ 12 ವಾರ. ನಿಮ್ಮ ಲಿವರ್ ಪರೀಕ್ಷೆಯ ಪ್ರಶ್ನೆ ಅಲ್ಲಿ ಬರುತ್ತೆ. ದಪ್ಪಗಾದ ಉಗುರೆಲ್ಲ ಶಿಲೀಂಧ್ರವೇ ಅಲ್ಲ, ಬಿಗಿ ಬೂಟಿನ ಪೆಟ್ಟಿಗೂ ಹಾಗಾಗುತ್ತೆ. ಹಾಗಾಗಿ ಮಾತ್ರೆಗೆ ಮುಂಚೆ ಉಗುರಿನ ತುಣುಕು ಲ್ಯಾಬ್ ಕೋಟು ಅವರಂಥವರ ಮೇಜಿಗೆ ಹೋಗಲಿ.